ಎರವಲು ಮೂಗಿನ ಸಲಾಡ್

ಕಳೆದ ವಾರ ನಮ್ಮವರು ಚಹಾಕ್ಕೆ ಬೆಲ್ಲ ಹುಡುಕುತ್ತ ಅಡುಗೆಮನೆಯ ಮೇಲಿನ ಕಪಾಟು ತೆರೆದರು. ಅವರಿಗೆ ಕೆಲಸ ದೂರದ ರುವೈಸಿನಲ್ಲಿ. ವಾರವಿಡೀ ಅಲ್ಲಿನ ಕಂಪೆನಿ ಕ್ವಾರ್ಟರ್ಸಿನಲ್ಲಿದ್ದು, ಶುಕ್ರವಾರ ಸಂಜೆ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಮನೆಗೆ ಬರುತ್ತಾರೆ. ಹಾಗಾಗಿ ನನ್ನ ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಎಂಬುದು ಅವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬೆಲ್ಲದ ಬದಲು ಅವರ ಕೈಗೆ ಸಿಕ್ಕಿದ್ದು ಒಂದು ಚಪ್ಪಟೆ ತಗಡಿನ ಡಬ್ಬಿ. ಕನ್ನಡಕವನ್ನು ಹಣೆಗೇರಿಸಿ ಅದರ ಮೇಲಿನ ಚಿತ್ರ ನೋಡಿದರು. ನೀಲಿ ಸಮುದ್ರ, ಅದರ ಮೇಲೆ ಹಾರುತ್ತಿರುವ ಒಂದು ದಪ್ಪ ಮೀನು.

"ವಾರಿಜಾ, ಇದೆಂತದ್ದು?"

"ಮೀನು," ಎಂದೆ.

"ಮೀನು ಅಂತ ನನಗೂ ಕಾಣ್ತದೆ. ನಮ್ಮ ಮನೆಯಲ್ಲಿ ಎಂತಕ್ಕೆ?"

"ಅದು ಫಿಲೊಮೆನಾ ಅವರದ್ದು. ಅಲ್ಲೇ ಇಡಿ. ಬೆಲ್ಲ ಕೆಳಗಿನ ಕಪಾಟಿನಲ್ಲಿ."

ಅವರು ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು, ಮಾವಿನಮಿಡಿಯ ಭರಣಿಯಿಂದ ಸಾಕಷ್ಟು ದೂರ ಸರಿಸಿ ಇಟ್ಟರು. "ನಿನ್ನ ಅಜ್ಜಿ ಇದ್ದಿದ್ದರೆ..." ಎಂದು ಶುರುಮಾಡಿದವರು, ನನ್ನ ಮುಖ ನೋಡಿ ಉಳಿದದ್ದನ್ನು ಚಹಾದ ಜೊತೆ ನುಂಗಿಕೊಂಡರು. ಈ ಕತೆಯೇನೋ ಅವರಿಗೆ ಗೊತ್ತು. ಡಬ್ಬಿ ನಮ್ಮ ಕಪಾಟಿನಲ್ಲೇ ಇದೆಯೆಂಬುದು ಗೊತ್ತಿರಲಿಲ್ಲ. ನಿಮಗೆ ಎರಡೂ ಗೊತ್ತಿಲ್ಲವಲ್ಲ, ಹೇಳುತ್ತೇನೆ.

ಹೇಳಬೇಕಾದರೆ ನನ್ನ ಮೂಗಿನಿಂದಲೇ ಶುರುಮಾಡಬೇಕು. ನೋಡಲು ಅದರಲ್ಲಿ ವಿಶೇಷವೇನಿಲ್ಲ. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದ ಒಬ್ಬರು "ಮೂಗು ಸ್ವಲ್ಪ ಮುಂದೆ ಉಂಟು" ಎಂದು ಹೇಳಿ ಹೋದದ್ದೂ ಇದೆ. ಆದರೆ ಅದರ ಕೆಲಸ ಭಾರಿ ಚುರುಕು. ಉಡುಪಿಯ ರಥಬೀದಿಯಿಂದ ಸ್ವಲ್ಪ ಆಚೆ, ಗೋಡೆಗೆ ಗೋಡೆ ತಾಗಿದ ಮನೆಗಳ ಓಣಿಯಲ್ಲಿ ನಾವಿದ್ದದ್ದು. ನನ್ನ ಅಜ್ಜಿಗೆ ನಶ್ಯದ ಅಭ್ಯಾಸ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಚಿಟಿಕೆ ಚಿಟಿಕೆ ನಶ್ಯ ಏರಿಸಿ ಏರಿಸಿ ಆಕೆಯ ಮೂಗು ಯಾವುದಕ್ಕೂ ಉಪಯೋಗವಿಲ್ಲದಂತಾಗಿತ್ತು. ಮನೆಯ ಅಡುಗೆಯೆಲ್ಲ ಆಕೆಯದೇ. ಹಾಗಾಗಿ ಮೂಗಿನ ಕೆಲಸ ನನ್ನ ಪಾಲಿಗೆ ಬಂತು. "ವಾರಿಜೇ, ಇಲ್ಲಿ ಬಾ, ಮೂಗು ಹಿಡಿ" ಎಂದು ಕರೆಯುವರು. ಹಾಲು ಹುಳಿಯಾಗಿದೆಯೇ, ತೆಂಗಿನೆಣ್ಣೆ ಕಮಟಾಗಿದೆಯೇ, ಅಕ್ಕಿಗೆ ಮುಗ್ಗುಲು ಬಂದಿದೆಯೇ, ನಿನ್ನೆಯ ಹುಳಿ ಹಳಸಿದೆಯೇ, ಎಲ್ಲಕ್ಕೂ ನಾನು ಬಗ್ಗಿ ಮೂಸಿ ತೀರ್ಪು ಕೊಡಬೇಕು. ಆಟ ಬಿಟ್ಟು ಬರಬೇಕಾಗುತ್ತಿತ್ತೆಂಬ ಸಿಟ್ಟು ಒಂದು ಕಡೆ. ನಾನು "ಆಗಲಿಕ್ಕಿಲ್ಲ" ಎಂದರೆ ಅಪ್ಪನಿಗೂ ಆ ಮಜ್ಜಿಗೆ ಸಿಗುವುದಿಲ್ಲವೆಂಬ ಅಹಂಕಾರ ಇನ್ನೊಂದು ಕಡೆ.

ಇಂಥ ಮೂಗಿಗೆ ನಮ್ಮೂರಿನ ಮಲ್ಪೆ ಬಸ್ಸು ದೊಡ್ಡ ಶಿಕ್ಷೆ. ಹಿಂದಿನ ಸೀಟಿನ ಬಳಿ ಮೀನಿನ ಬುಟ್ಟಿಗಳು, ಅವುಗಳಿಂದ ಇಳಿದು ಮುಂದಕ್ಕೆ ಹರಿದು ಬರುವ ನೀರು. ನಾನು ಕೆನ್ನೆ ಉಬ್ಬಿಸಿ ಉಸಿರು ಕಟ್ಟಿ ಕುಳಿತುಕೊಳ್ಳುತ್ತಿದ್ದೆ. ಒಮ್ಮೆ ಮೀನು ಮಾರುವ ಒಬ್ಬ ಹೆಂಗಸು ನನ್ನ ಕೆಂಪಾದ ಮುಖ ನೋಡಿ ತುಳುವಿನಲ್ಲಿ ಹೇಳಿದ್ದಳು: "ಉಸಿರು ಬಿಡು ಮಗಾ, ಮೀನು ಹಾರಿ ಬಂದು ನಿನ್ನ ಬಾಯಿಗೆ ಬೀಳುವುದಿಲ್ಲ." ಇಡೀ ಬಸ್ಸು ನಕ್ಕಿತು. ನಗು ಬಂದು ನಾನೂ ಉಸಿರು ಬಿಟ್ಟೆ, ಬಿಟ್ಟ ಮೇಲೆ ಎಳೆದುಕೊಳ್ಳಲೇಬೇಕಾಯಿತು.

ಮದುವೆಯಾಗಿ ದುಬೈಗೆ ಬಂದಾಗ ನಮ್ಮ ಮೊದಲ ಬಿಡಾರ ಸತ್ವಾದಲ್ಲಿ. ಹಳೆಯ ವಿಲ್ಲಾ, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಉಳಿದವರೆಲ್ಲ ಮೀನು ತಿನ್ನುವವರು. ಮೊದಲ ತಿಂಗಳು ಸೆರಗಿನ ತುದಿಗೆ ಲವಂಗ ಕಟ್ಟಿಕೊಂಡು ಸಾರು ಕುದಿಸಿದೆ. ಆಮೇಲೆ ಲವಂಗ ಮರೆತುಹೋಯಿತು. ವರ್ಷ ಕಳೆಯುವಷ್ಟರಲ್ಲಿ ನನಗೊಂದು ವಿಚಿತ್ರ ವಿದ್ಯೆ ಸಿದ್ಧಿಸಿತ್ತು: ಕೋಣೆಯ ಬಾಗಿಲು ಹಾಕಿ ಕೂತಲ್ಲಿಂದಲೇ ಹೊರಗೆ ಬೇಯುತ್ತಿರುವುದು ಬಂಗುಡೆಯೋ, ಬೂತಾಯಿಯೋ, ಅಂಜಲೋ ಎಂದು ಹೇಳಬಲ್ಲವಳಾಗಿದ್ದೆ. ಹುಟ್ಟಿದ ಮೇಲೆ ಒಂದು ತುಂಡು ಮೀನು ನಾಲಿಗೆಗೆ ಇಟ್ಟವಳಲ್ಲ. ನಮ್ಮವರು ಸ್ನೇಹಿತರು ಬಂದಾಗ ನನ್ನ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಿ ಹೆಮ್ಮೆಪಡುತ್ತಿದ್ದರು. ಊರಿಗೆ ಹೋದಾಗ ಮಾತ್ರ ಈ ಸಂಗತಿ ಬಾಯಿಬಿಡಕೂಡದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು.

ನಮ್ಮವರಿಗೆ ರುವೈಸಿನಲ್ಲಿ ಕೆಲಸ ಸಿಕ್ಕ ಮೇಲೆ ನಾವು ಅಬುಧಾಬಿಯ ಕಡೆಗೆ ಬಂದೆವು. ನಾನು ಖಲೀಫಾ ಸಿಟಿಯ ಒಂದು ಶಾಲೆಯ ಲೈಬ್ರರಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ, ಮಕ್ಕಳನ್ನು ಸುಮ್ಮನಿರಿಸುವ ಕೆಲಸ ಹಿಡಿದೆ. ಈಗ ನಾವಿರುವುದೂ ಪಾಲು ಮಾಡಿದ ವಿಲ್ಲಾವೇ, ಆದರೆ ಅಡುಗೆಮನೆ ಸ್ವಂತದ್ದು. ಕೆಳಗಿನ ಮುಂಭಾಗ ನಮ್ಮದು. ಹಿಂಭಾಗದಲ್ಲಿ ಉಳ್ಳಾಲದ ಮೈಮುನಾಳ ಸಂಸಾರ; ಅವಳ ಗಂಡನದು ಟಯರ್ ಅಂಗಡಿ. ಬ್ಯಾರಿ ಮನೆಯ ಹುಡುಗಿ, ನನಗಿಂತ ತುಂಬ ಚಿಕ್ಕವಳು, ಮಾತು ಮಾತ್ರ ನನಗಿಂತ ತುಂಬ ದೊಡ್ಡದು. ಮೇಲಿನ ಭಾಗ ಖಾಲಿಯಿತ್ತು. ಒಂದು ದಿನ ಕೆಲಸ ಮುಗಿಸಿ ಬರುವಾಗ ಮೆಟ್ಟಿಲ ಬಳಿ ಹೊಸ ಹೆಸರಿನ ಪಟ್ಟಿ ಕಂಡಿತು: ಫಿಲೊಮೆನಾ ಪಿಂಟೊ.

ನನಗಾದ ಸಂತೋಷ ಹೇಳತೀರದು. ಫಿಲೊಮೆನಾ ಪಿಂಟೊ ಎಂದರೆ ಮಂಗಳೂರಿನ ಕೊಂಕಣಿ ಕ್ರೈಸ್ತರೇ, ಬೇರಾರು? ಬಜ್ಪೆಯೋ ಬೆಂದೂರೋ ಅಷ್ಟೇ ಪ್ರಶ್ನೆ. ಒಂದು ತಟ್ಟೆ ಗೋಳಿಬಜೆ ಕರಿದು ಮೇಲೆ ಹೋಗಿ ಬಾಗಿಲು ಬಡಿದೆ. ಬಾಗಿಲು ತೆರೆದವರು ಬೆಳ್ಳಗಿನ, ಬೆಳ್ಳಿಕೂದಲಿನ, ನೀಲಿ ಕನ್ನಡಕದ ಒಬ್ಬ ಹೆಂಗಸು. ಮನೆಯವರ ಪರಿಚಯದವರಿರಬೇಕು ಎಂದುಕೊಂಡು, "ಫಿಲೊಮೆನಾ ಬಾಯಿ ಇದ್ದಾರಾ?" ಎಂದು ಕನ್ನಡದಲ್ಲೇ ಕೇಳಿದೆ. ಆಕೆ ಎದೆಯ ಮೇಲೆ ಕೈಯಿಟ್ಟು, "ಫಿಲೊಮೆನಾ," ಎಂದರು.

ಪೋರ್ಚುಗಲ್ಲಿನವರಂತೆ. ಇನ್ನೊಂದು ಶಾಲೆಯಲ್ಲಿ ಸಂಗೀತದ ಟೀಚರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು. ಆ ದಿನ ಗೋಳಿಬಜೆಯನ್ನು ಒಂದೂ ಬಿಡದೆ ತಿಂದು, ಇದರೊಳಗೆ ಬಟಾಟೆ ಇದೆಯೇ ಎಂದು ಕೇಳಿದರು. ನಮ್ಮ ಹಾಗೆ ಬಟಾಟೆ ಎಂದೇ ಹೇಳಿದರು. ಆಮೇಲೆ ನಾವಿಬ್ಬರೂ ಆಗಾಗ ಇಂಥ ಒಂದೇ ಥರದ ಮಾತುಗಳನ್ನು ಹೆಕ್ಕುತ್ತಿದ್ದೆವು. ನಮ್ಮ ಚಾವಿ ಅವರಿಗೂ ಚಾವಿಯೇ ಸುಮಾರಿಗೆ, ನಮ್ಮ ಬಾಲ್ದಿ ಅವರಿಗೂ ಬಾಲ್ದಿಯೇ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ ಆದ್ದರಿಂದ ಸ್ನೇಹ ಬೇಗ ಬೆಳೆಯಿತು. ಸಂಜೆ ಮೇಲಿನಿಂದ ಪಿಯಾನೋ ಕೇಳಿಸುತ್ತಿತ್ತು. ಅದರ ಜೊತೆಗೆ ಮೆಟ್ಟಿಲಿಳಿದು ಬೆಳ್ಳುಳ್ಳಿ, ವಿನೆಗರ್, ಮೀನಿನ ವಾಸನೆ ಬರುತ್ತಿತ್ತು. ಇವತ್ತು ಯಾವ ಮೀನೆಂದು ನಾನು ಕೆಳಗೆ ಕೂತೇ ಹೇಳಿದರೆ ಮೈಮುನಾ ಮೇಲೆ ಹೋಗಿ ಕೇಳಿ ಖಾತ್ರಿ ಮಾಡಿಕೊಂಡು ಬರುತ್ತಿದ್ದಳು.

ಈ ಚಳಿಗಾಲದ ರಜೆಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದಾಗ ಸೀದ ವಾಸನೆ ಬಂತು. ಅನ್ನ ಸೀದದ್ದಲ್ಲ, ಹಾಲಲ್ಲ. ಕಾಳು. ಅಲಸಂದೆ ಕಾಳು ತಳಹಿಡಿದು ಕರಿಯಾಗುತ್ತಿರುವ ವಾಸನೆ. ನಮ್ಮ ಮನೆಯದಲ್ಲ. ಮೈಮುನಾ ಮನೆಯಲ್ಲಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಓಡಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಡುಗೆಮನೆಯಿಂದ ಹೊಗೆ ಹಾಲಿನ ತನಕ ಬಂದಿದೆ; ಫಿಲೊಮೆನಾ ಅದಕ್ಕೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ, ಅದಕ್ಕೆ ಜೋಡಿಸಿದ ಕರೆಂಟಿನ ಪಿಯಾನೋ ಮುಂದೆ ಕೂತು ಮಕ್ಕಳ ಹಾಡಿಗೆ ಬೆರಳಾಡಿಸುತ್ತಿದ್ದಾರೆ. ನಾನು ಒಲೆ ಆರಿಸಿ, ಕಿಟಕಿ ತೆರೆದು, ಪಾತ್ರೆಯನ್ನು ಸಿಂಕಿಗೆ ಹಾಕಿದೆ. ನೀರು ಬಿದ್ದು ಚುಂಯ್ ಎಂದ ಜೋರು ಶಬ್ದಕ್ಕೆ ಆಕೆ ಒಂದು ಕಿವಿ ತೆರೆದುಕೊಂಡು ತಿರುಗಿದರು.

"ವರೀಜಾ," ಎಂದರು. ನನ್ನ ಹೆಸರು ಅವರ ಬಾಯಲ್ಲಿ ಹಾಗೆ. "ನೀನು ಯಾವಾಗ ಬಂದೆ?"

"ನಿಮಗೆ ವಾಸನೆ ಬರಲಿಲ್ಲವಾ?"

ಆಕೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೇಜಿನ ಮೇಲೆ ಅಂಗಡಿಯಿಂದ ತಂದ ಸೊಪ್ಪಿನ ಕಟ್ಟು ಇತ್ತು. ಮಾತು ಬದಲಿಸಲೆಂದು, "ಕೊತ್ತಂಬರಿ ತಂದಿದ್ದೇನೆ, ನಿನಗೂ ಬೇಕಾ?" ಎಂದರು. ಅದು ಕೊತ್ತಂಬರಿಯಾಗಿರಲಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಅದರ ಪಕ್ಕದಲ್ಲೇ ಇಡುವ ಪಾರ್ಸ್ಲಿ ಅದು. ಎಲೆ ನೋಡಿದರೆ ಅಣ್ಣ ತಮ್ಮಂದಿರಂತೆ. ಮೂಗಿನ ಹತ್ತಿರ ಹಿಡಿದರೆ ಮಾತ್ರ ಗೊತ್ತಾಗುವುದು. ನಾನು ಸುಮ್ಮನೆ ಒಂದು ಎಲೆ ಕಿತ್ತು, ಹಿಸುಕಿ, ಅವರ ಮುಖದ ಮುಂದೆ ಹಿಡಿದೆ. ಆಕೆ ಉಸಿರೆಳೆದುಕೊಂಡರು, ನನ್ನ ಮುಖ ನೋಡಿದರು, ತಲೆ ಅಲ್ಲಾಡಿಸಿದರು.

ಹಿಂದಿನ ವರ್ಷ ಬಂದ ಜ್ವರದ ಮೇಲೆ ವಾಸನೆ ಗೊತ್ತಾಗುವುದೇ ನಿಂತುಹೋಯಿತಂತೆ. ಕೆಲವು ವಾರದಲ್ಲಿ ಬರುತ್ತದೆ ಎಂದಿದ್ದರು ಡಾಕ್ಟರು. ಬರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ ಗೊತ್ತಾಗುತ್ತದೆ; ಉಳಿದದ್ದೆಲ್ಲ ರಟ್ಟು ತಿಂದ ಹಾಗೆ. ಯಾರಿಗೂ ಹೇಳಿಲ್ಲ. ಮುಖ್ಯವಾಗಿ ಮಗಳು ಇನೇಸಳಿಗೆ ಹೇಳಿಲ್ಲ. ಅವಳು ಲಿಸ್ಬನ್ನಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಅಮ್ಮ ಒಬ್ಬಳೇ ಮರುಭೂಮಿಯಲ್ಲಿ ಇರುವುದೇಕೆ, ಬಂದುಬಿಡು ಎಂದು ಹಟ ಹಿಡಿದಿದ್ದಾಳೆ. ಈಗ ರಜೆಗೆ ಬರುತ್ತಿದ್ದಾಳೆ. ಗ್ಯಾಸ್ ಒಲೆ ಇರುವ ಮನೆಯಲ್ಲಿ ಮೂಗಿಲ್ಲದ ಅಮ್ಮ ಒಬ್ಬಳೇ ಇದ್ದಾಳೆಂದು ತಿಳಿದರೆ ಆ ದಿನವೇ ಪೆಟ್ಟಿಗೆ ಕಟ್ಟಿಸುತ್ತಾಳೆ.

"ಹೋದರೆ ಏನು?" ಎಂದು ಕೇಳಿದೆ. ಊರಿಗೆ ಹೋಗಲು ಮನಸ್ಸಿಲ್ಲದವರು ಇರುತ್ತಾರೆಂದು ನನಗೆ ನಂಬುವುದು ಕಷ್ಟ.

"ಅಲ್ಲಿ ನಾನು ಬರೀ ವಿಧವೆ," ಎಂದರು ಫಿಲೊಮೆನಾ. "ಇಲ್ಲಿ ನಾನು ಹಾಡು ಕಲಿಸುವವಳು."

ಸೀದುಹೋದ ಅಲಸಂದೆ ಮಗಳಿಗಾಗಿ ಮಾಡುವ ಸಲಾಡಿನ ತಾಲೀಮು. ಅದೇನೂ ದೊಡ್ಡ ಅಡುಗೆಯಲ್ಲ. ಬೇಯಿಸಿದ ಅಲಸಂದೆ, ಡಬ್ಬಿಯ ಟ್ಯೂನಾ ಮೀನು, ಸಣ್ಣಗೆ ಹೆಚ್ಚಿದ ನೀರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ, ವಿನೆಗರ್, ಮೇಲೆ ಬೇಯಿಸಿದ ಮೊಟ್ಟೆ. ಫಿಲೊಮೆನಾರ ಅಮ್ಮ ಮಾಡುತ್ತಿದ್ದದ್ದು. ಆಕೆ ಅವರ ದೇಶದ ದಕ್ಷಿಣದ ಒಂದು ಕಡಲೂರಿನಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಇನೇಸ್ ಯಾವ ಊರಿನಿಂದ ಯಾವ ಹೊತ್ತಿಗೆ ಮನೆಗೆ ಬಂದರೂ ಮೊದಲು ತಿನ್ನುವುದು ಇದನ್ನೇ. ಬೇರೆ ಏನನ್ನು ಕೆಡಿಸಿದರೂ ನಡೆದೀತು, ಇದನ್ನು ಕೆಡಿಸಿದರೆ ಅವಳಿಗೆ ಒಂದೇ ಚಮಚಕ್ಕೆ ಗೊತ್ತಾಗುತ್ತದೆ.

"ನಿನ್ನ ಮೂಗು ಕೊಡು," ಎಂದರು. "ಒಂದು ದಿನಕ್ಕೆ."

ನಾನು ಕೆಳಗೆ ಬಂದು, ಮೈಮುನಾ ಮನೆಗೆ ಬಂದ ಮೇಲೆ ಅವಳಿಗೆ ವಿಷಯ ಹೇಳಿದೆ. ಅವಳು ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದಳು. ಆಮೇಲೆ, "ವಾರಿಜಕ್ಕ, ನೀವು ಮೂಸಿ ನೋಡುದು ಸರಿ. ತಿಂದು ನೋಡುದು ಯಾರು?" ಎಂದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. "ಗೊತ್ತಾಯ್ತು, ಗೊತ್ತಾಯ್ತು. ನಾನು ಬರ್ತೇನೆ," ಎಂದಳು.

ನಮ್ಮವರಿಗೆ ಆ ವಾರ ರುವೈಸಿನಲ್ಲೇ ಡ್ಯೂಟಿ. ಶನಿವಾರ ಬೆಳಗ್ಗೆ ಮೂವರೂ ಮೇಲಿನ ಅಡುಗೆಮನೆಯಲ್ಲಿ ಸೇರಿದೆವು. ಸಂಜೆಗೆ ಇನೇಸಳ ವಿಮಾನ. ಅಲಸಂದೆಯ ಯಜಮಾನಿಕೆ ನನ್ನದು. ನೆನೆಹಾಕಿದ ನೀರು ಚೆಲ್ಲಿ, ಹೊಸ ನೀರಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಹಸಿ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನಂಥ ವಾಸನೆ ಬಂದಾಗ ಇಳಿಸಬೇಕು. ಆಮೇಲೆ ತಡಮಾಡಿದರೆ ಕಾಳು ಒಡೆಯುತ್ತದೆ. ಕಾಳು ಬಸಿದಿಟ್ಟು, ಅಭ್ಯಾಸಬಲದಿಂದ ಸಾಸಿವೆ ಎಲ್ಲಿದೆ ಎಂದು ಕೇಳಿದೆ.

"ಸಾಸಿವೆ ಯಾಕೆ?"

"ಒಗ್ಗರಣೆಗೆ. ಸ್ವಲ್ಪ ತೆಂಗಿನತುರಿ ಇದ್ದರೂ..."

"ಇಲ್ಲ," ಎಂದರು ಫಿಲೊಮೆನಾ.

"ಒಂದು ಕಾಯಿಮೆಣಸು ಹಾಕಿ ಫಿಲೋ ಆಂಟಿ," ಎಂದಳು ಮೈಮುನಾ.

"ಇಲ್ಲ."

"ಒಂದು ಲಿಂಬೆ ಆದ್ರೂ?"

"ಮಗು, ಇದು ನನ್ನ ಅಮ್ಮನದು."

ಅಲ್ಲಿಗೆ ನಾವಿಬ್ಬರೂ ಬಾಯಿ ಮುಚ್ಚಿದೆವು.

ನನ್ನ ಮೂಗಿನ ಮೊದಲ ತೀರ್ಪು ಎಣ್ಣೆಯ ಮೇಲೆ. ಒಲೆಯ ಪಕ್ಕದಲ್ಲಿಟ್ಟ ಆಲಿವ್ ಎಣ್ಣೆ ಪೂರ್ತಿ ಕಮಟಾಗಿತ್ತು. ಪಾಪ, ಎಷ್ಟು ದಿನದಿಂದ ಅದನ್ನೇ ತಿನ್ನುತ್ತಿದ್ದರೋ. ಮೈಮುನಾ ಕೆಳಗೆ ಓಡಿ ತನ್ನ ಬಾಟಲಿ ತಂದಳು. ಎರಡನೆಯದು ಸೊಪ್ಪು, ಅದನ್ನು ನಾನೇ ಅಂಗಡಿಯಲ್ಲಿ ಮೂಸಿ ತಂದಿದ್ದೆ. ಮೂರನೆಯದು ಡಬ್ಬಿ.

ಫಿಲೊಮೆನಾ ಅದರ ಕಿವಿ ಹಿಡಿದು ಮುಚ್ಚಳ ಎಳೆದರು. ನಾನು ಮಲ್ಪೆ ಬಸ್ಸಿನ ಹುಡುಗಿಯ ಹಾಗೆ ಉಸಿರು ಕಟ್ಟಿ ನಿಂತಿದ್ದೆ. ಮೈಮುನಾ ಇಣುಕಿ, "ಇದು ನಮ್ಮ ಊರಿನ ಕೇದರ್ ಮೀನಲ್ವಾ ಅಕ್ಕ," ಎಂದು ಪರಿಚಯದವರನ್ನು ಕಂಡವಳಂತೆ ಹೇಳಿದಳು. ನಾನು ಬಗ್ಗಿದೆ.

"ಹೇಗಿದೆ?" ಎಂದರು ಫಿಲೊಮೆನಾ.

"ಚೆನ್ನಾಗಿದೆ. ಹಾಳಾಗಿಲ್ಲ."

"ಅಷ್ಟೇ ಅಲ್ಲ. ಹೇಗಿದೆ ಹೇಳು."

ಇಂಗ್ಲಿಷಿನಲ್ಲಿ ನನ್ನ ಹತ್ತಿರ ವಾಸನೆಗಿರುವುದು ಎರಡೇ ಮಾತು, ಒಳ್ಳೆಯದು ಮತ್ತು ಕೆಟ್ಟದ್ದು. ಕನ್ನಡದಲ್ಲಾದರೆ ಅಜ್ಜಿ ಕಲಿಸಿದ ಒಂದು ಉಗ್ರಾಣವೇ ಇದೆ: ಘಮ, ಕಂಪು, ಘಾಟು, ಕಮಟು, ಮುಗ್ಗುಲು, ಹಳಸಲು, ನಾತ. ಇದು ಅವುಗಳಲ್ಲಿ ಯಾವುದೂ ಅಲ್ಲ. ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. ಮೈಮುನಾಳಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅವಳು ಅದನ್ನು ತನ್ನ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು. ಉಪ್ಪು ನೀರಲ್ಲಿ ನೆನೆದ ಹಗ್ಗವನ್ನು ಬಿಸಿಲಿಗೆ ಒಣಗಿಸಿದ ಹಾಗೆ. ತಗಡಿನ ಕೊಡಪಾನದ ಒಳಗೆ ತಲೆ ಹಾಕಿದ ಹಾಗೆ. ಅದರ ಹಿಂದೆ ಬೆಚ್ಚಗಿನ ಎಣ್ಣೆ. ಬಟ್ಟೆಗೆ ಎಣ್ಣೆ ಬಿದ್ದು, ಒಗೆದರೂ ಪೂರ್ತಿ ಹೋಗದೆ ಉಳಿದ ಹಾಗೆ.

ಫಿಲೊಮೆನಾ ಚಮಚ ಕೆಳಗಿಟ್ಟರು. "ಅಮ್ಮನ ಏಪ್ರನ್," ಎಂದರು. ಕಾರ್ಖಾನೆಯಿಂದ ಬಂದ ಅಮ್ಮನ ಸೊಂಟ ತಬ್ಬಿ ಆ ಬಟ್ಟೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ, ಎಷ್ಟೋ ದೊಡ್ಡವಳಾಗುವ ತನಕ. "ಹಾಗಿತ್ತೆಂದು ನನಗೆ ಗೊತ್ತು. ಆದರೆ ಒಂದು ವರ್ಷದಿಂದ ಎಷ್ಟು ಪ್ರಯತ್ನಿಸಿದರೂ ನೆನಪಿಗೆ ಬರುತ್ತಿರಲಿಲ್ಲ. ಇನ್ನೊಮ್ಮೆ ಹೇಳು."

ನಾನು ಇನ್ನೊಮ್ಮೆ ಹೇಳಿದೆ. ಮೈಮುನಾ ಈ ಸಲ ಹಗ್ಗದ ಜೊತೆ ದೋಣಿಯನ್ನೂ ಸೇರಿಸಿದಳು. ನಾನು ದೋಣಿ ಹೇಳಿರಲಿಲ್ಲ, ಆದರೂ ಸುಮ್ಮನಿದ್ದೆ.

ಕೊನೆಯದು ವಿನೆಗರ್. ಅದಕ್ಕೆ ಅವರ ಅಮ್ಮನ ಅಳತೆ ಬೇರೆಯೇ. ಎಲ್ಲ ಕಲಸಿದ ಬೋಗುಣಿಯ ಮೇಲೆ ಬಗ್ಗಿದರೆ ಮೊದಲು ಕೊತ್ತಂಬರಿ ಬರಬೇಕು, ಆಮೇಲೆ ಕಡಲು, ಎಲ್ಲಕ್ಕಿಂತ ಕೊನೆಗೆ ವಿನೆಗರ್. ಫಿಲೊಮೆನಾ ಕಲಸುತ್ತಾರೆ, ನಾನು ಬಗ್ಗುತ್ತೇನೆ.

"ಮೊದಲು ವಿನೆಗರ್ ಬಂತು," ಎಂದೆ. ಇನ್ನಷ್ಟು ಕಾಳು ಬಿತ್ತು, ಎಣ್ಣೆ ಬಿತ್ತು. ಬಗ್ಗಿದೆ. "ಈಗ ನೀರುಳ್ಳಿ." ಕೊತ್ತಂಬರಿ ಬಿತ್ತು. ಸ್ವಲ್ಪ ಹೊತ್ತು ಮುಚ್ಚಿಟ್ಟು ತೆರೆದೆವು. ಬಗ್ಗಿದೆ. ಕೊತ್ತಂಬರಿ. ಆಮೇಲೆ ಆ ಹಗ್ಗ, ಆ ಬಟ್ಟೆ. ಉಸಿರು ಮುಗಿಯುವ ಹೊತ್ತಿಗೆ, ಮೂಗಿನ ತುದಿಯಲ್ಲಿ, ಒಂದು ಹುಳಿ.

ಮೈಮುನಾ ಒಂದು ಚಮಚ ಬಾಯಿಗಿಟ್ಟಳು. ಅಗಿದಳು. ಇನ್ನೊಂದು ಚಮಚ ತೆಗೆದುಕೊಂಡಳು.

"ಉಪ್ಪು?"

"ಸರಿ ಉಂಟು."

"ಮತ್ತೆ ಯಾಕೆ ತಿನ್ನುತ್ತಿದ್ದೀಯ?"

"ಸರಿ ಉಂಟು ಅಂತ ಗಟ್ಟಿ ಮಾಡಿಕೊಳ್ತಾ ಇದ್ದೇನೆ ಅಕ್ಕ."

ಸಂಜೆ ಇನೇಸ್ ಬಂದಳು. ಅಮ್ಮನ ಹಾಗೆಯೇ ಉದ್ದ, ಅಮ್ಮನ ಹಾಗೆಯೇ ನೇರ ನೋಟ. ನಮ್ಮನ್ನೂ ಊಟಕ್ಕೆ ಕರೆದಿದ್ದರು. ನನಗಾಗಿ ಮೀನು, ಮೊಟ್ಟೆ ಸೇರಿಸದ ಕಾಳನ್ನು ಮೊದಲೇ ತೆಗೆದಿಟ್ಟಿದ್ದರು. ನಾನು ಮನೆಯಿಂದ ಒಂದು ಹಿಡಿ ತೆಂಗಿನತುರಿ ಕದ್ದು ತಂದು ಮೇಜಿನ ಕೆಳಗೆ ಬೆರೆಸಿಕೊಂಡೆ. ಇನೇಸ್ ಕೈ ತೊಳೆದು ಬಂದು, ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟಳು. ನಾವು ಮೂವರೂ ಪರೀಕ್ಷೆ ಬರೆದು ಕೂತವರ ಹಾಗೆ ಅವಳನ್ನೇ ನೋಡುತ್ತಿದ್ದೆವು. ಅವಳು ಕುರ್ಚಿ ಎಳೆದು ಕೂತಳು. ಅವರ ಭಾಷೆಯಲ್ಲಿ ಏನೋ ಹೇಳಿದಳು. ಫಿಲೊಮೆನಾರ ಕಣ್ಣು ತುಂಬಿತು. ನಮಗಾಗಿ ಇನೇಸ್ ಇಂಗ್ಲಿಷಿನಲ್ಲಿ ಹೇಳಿದಳು: "ಅಮ್ಮ ಯಾವಾಗಲೂ ವಿನೆಗರ್ ಜಾಸ್ತಿ ಹಾಕುತ್ತಾಳೆ. ಇವತ್ತು ಅಜ್ಜಿ ಮಾಡಿದ ಹಾಗೇ ಇದೆ."

ಅಲ್ಲಿಗೆ ಗೆದ್ದೆವು ಎಂದುಕೊಂಡೆ. ಊಟ ಮುಗಿದ ಮೇಲೆ ಇನೇಸ್ ಪೆಟ್ಟಿಗೆಯಿಂದ ಒಂದು ಪುಟ್ಟ ಬಟ್ಟೆಯ ಚೀಲ ತಂದಳು. ಅಮ್ಮನ ಹಿಂದೆ ನಿಂತು ಒಂದು ಕೈಯಿಂದ ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ಚೀಲವನ್ನು ಮೂಗಿಗೆ ಹಿಡಿದಳು. "ಏನು ಹೇಳು?" ಅವಳು ಚಿಕ್ಕವಳಿದ್ದಾಗ ಅಮ್ಮನೇ ಆಡಿಸುತ್ತಿದ್ದ ಆಟವಂತೆ.

ಮೇಜಿನ ಈಚೆ ಕೂತ ನನಗೆ ಆ ವಾಸನೆ ತಟ್ಟನೆ ಸಿಕ್ಕಿತು. ನಮ್ಮ ಮನೆ ಹಿತ್ತಿಲ ದೊಡ್ಡಪತ್ರೆ. ಎಲೆ ಒಣಗಿಸಿದರೆ ಹೇಗೋ ಹಾಗೆ. ಆದರೆ ದೊಡ್ಡಪತ್ರೆಗೆ ಪೋರ್ಚುಗೀಸಿನಲ್ಲಿ ಏನೆನ್ನುತ್ತಾರೆ? ಇಂಗ್ಲಿಷಿನಲ್ಲೇ ಗೊತ್ತಿಲ್ಲ. ನಾನು ಮೈಮುನಾಳ ಕಡೆ ನೋಡಿದೆ. ಅವಳು ನನ್ನ ಕಿವಿಯಲ್ಲಿ, "ಪಿಜ್ಜಾದ ವಾಸನೆ ಅಕ್ಕ," ಎಂದಳು. ಪಿಜ್ಜಾ ಎಂದು ಹೇಗೆ ಸನ್ನೆ ಮಾಡುವುದು, ಅದೂ ಕಣ್ಣು ಮುಚ್ಚಿಸಿಕೊಂಡವರಿಗೆ?

ಫಿಲೊಮೆನಾ ಉಸಿರೆಳೆದರು. ಮತ್ತೊಮ್ಮೆ ಎಳೆದರು.  ಮಗಳ ಕೈಯನ್ನು ಮೆಲ್ಲಗೆ ಕಣ್ಣ ಮೇಲಿಂದ ಇಳಿಸಿ, ಆ ಕೈಯನ್ನು ಹಿಡಿದುಕೊಂಡೇ ಅವರ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ನಮಗೆ ಮಾತು ಅರ್ಥವಾಗಲಿಲ್ಲ, ವಿಷಯ ಅರ್ಥವಾಯಿತು. ಇನೇಸಳ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಅವಳ ಅಜ್ಜಿಯ ಮನೆಯ ಗೋಡೆಬದಿಯಲ್ಲಿ ಬೆಳೆದ ಒರೆಗಾನೊ. ನಮ್ಮ ಕಡೆ ತಿರುಗಿ, "ಹಾಗಾದರೆ ಈ ಸಲಾಡ್ ಮಾಡಿದ್ದು ಯಾರು?" ಎಂದಳು.

"ಅಮ್ಮನೇ," ಎಂದಳು ಮೈಮುನಾ. "ಮೂಗು ಇವರದ್ದು, ನಾಲಿಗೆ ನನ್ನದು. ಮತ್ತೆಲ್ಲ ಅಮ್ಮಂದೇ."

ಯಾರೂ ನಗಲಿಲ್ಲ. ನಾವಿಬ್ಬರೂ ಮೆಲ್ಲಗೆ ಎದ್ದು ಬಂದೆವು. ಮೇಲೆ ಬಹಳ ಹೊತ್ತು ಮಾತು ಕೇಳಿಸುತ್ತಿತ್ತು, ಪಿಯಾನೋ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಇನೇಸ್ ನಮ್ಮ ಬಾಗಿಲಿಗೆ ಬಂದಳು. ನಾನು ಚಹಾ ಕೊಟ್ಟೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ಅವಳನ್ನು ಕರೆದುಕೊಂಡು ಹೋಗಬೇಕೆಂದೇ ಬಂದದ್ದು ನಾನು," ಎಂದಳು. "ಅವಳು ಬರುವುದಿಲ್ಲ ಅನ್ನುತ್ತಾಳೆ. ನೀವು ಏನು ಹೇಳುತ್ತೀರಿ?"

ಪರರ ಮನೆಯ ಅಮ್ಮ ಮಗಳ ನಡುವೆ ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ನಡೆದದ್ದನ್ನು ಮಾತ್ರ ಹೇಳಿದೆ. ಕಾಳು ಸೀದದ್ದು, ನಾನು ಓಡಿದ್ದು.

"ಇಲ್ಲಿಂದ ನಿಮಗೆ ವಾಸನೆ ಬರುತ್ತದಾ?"

"ಬರುತ್ತದೆ. ಈಗ ಮೇಲೆ ಬೆಣ್ಣೆ ಕರಗುತ್ತಿದೆ. ಬ್ರೆಡ್ಡು ಇನ್ನೂ ಹಾಕಿಲ್ಲ."

ಇನೇಸ್ ಕಪ್ಪು ಇಟ್ಟು ಮೇಲೆ ಹೋದಳು. ಕೂಡಲೇ ಇಳಿದು ಬಂದಳು. ಅಮ್ಮ ಬಾಣಲೆ ಮುಂದೆ ಬ್ರೆಡ್ಡು ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಅವಳು ನನ್ನ ಮೂಗನ್ನೇ ನೋಡಿದಳು. ಹೆಣ್ಣು ನೋಡಲು ಬಂದವರ ನಂತರ ಯಾರೂ ಅದನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

"ನೀವು ರಜೆಗೆ ಊರಿಗೆ ಹೋದಾಗ?" ಎಂದಳು ಆಮೇಲೆ.

 ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮೈಮುನಾ ಅಲ್ಲಿಂದಲೇ ಕೂಗಿ ಹೇಳಿದಳು: "ನಾನು ಇದ್ದೇನಲ್ಲಾ. ನನ್ನ ಮೂಗು ವಾರಿಜಕ್ಕನಷ್ಟು ದೊಡ್ಡದಿಲ್ಲ, ಆದ್ರೆ ಸೀದದ್ದು ಗೊತ್ತಾಗ್ತದೆ."

ಇನೇಸ್ ಉಳಿದಷ್ಟು ದಿನವೂ ಸುಮ್ಮನೆ ಕೂರಲಿಲ್ಲ. ಗ್ಯಾಸ್ ಒಲೆ ತೆಗೆಸಿ ಕರೆಂಟಿನ ಒಲೆ ಹಾಕಿಸಿದಳು. ಹೊಗೆ ಕಂಡರೆ ಕೂಗುವ ಯಂತ್ರವನ್ನು ಕೋಣೆಕೋಣೆಗೂ ಹಚ್ಚಿಸಿದಳು. ಡಬ್ಬಿ, ಬಾಟಲಿಗಳೆಲ್ಲ ನಮ್ಮ ಕಪಾಟಿನಲ್ಲಿ ಇರಬೇಕು, ನಾನು ಮೂಸಿದ ಮೇಲೆಯೇ ಮೇಲೆ ಹೋಗಬೇಕು ಎಂಬುದೂ ಅವಳದೇ ಆಜ್ಞೆ. ಹೊರಡುವ ದಿನ ಒಬ್ಬಳೇ ಹೊರಟಳು. ಟ್ಯಾಕ್ಸಿ ಹತ್ತುವ ಮುನ್ನ ನನ್ನನ್ನು ತಬ್ಬಿಕೊಂಡು, ಮತ್ತೆ ಅಮ್ಮನ ಕಡೆ ಓಡಿ ಹೋಗಿ ತಬ್ಬಿಕೊಂಡಳು. ಫಿಲೊಮೆನಾ ಆ ದಿನ ಸಂಜೆ ಪಿಯಾನೋ ನುಡಿಸಿದರು, ಸ್ವಲ್ಪ ತಪ್ಪು ತಪ್ಪಾಗಿ.

ಆಮೇಲೆ ಸೆಖೆ ಶುರುವಾಯಿತು. ಒಂದು ಶನಿವಾರ ಬೆಳಗ್ಗೆ ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಊರಿಂದ ಬಂದ ಗಟ್ಟಿ ಇಂಗನ್ನು ತುಪ್ಪದಲ್ಲಿ ಹುರಿದಿದ್ದೆನಷ್ಟೇ. ಬಾಗಿಲು ದಬದಬ ಬಡಿದ ಸದ್ದಾಯಿತು. ತೆರೆದರೆ ಫಿಲೊಮೆನಾ, ತಲೆಗೆ ಟವೆಲ್ ಸುತ್ತಿದ್ದರು, ಒಂದು ಕಾಲಿಗೆ ಮಾತ್ರ ಚಪ್ಪಲಿ.

"ವರೀಜಾ, ನಿನ್ನ ಮನೆಯಲ್ಲಿ ಏನೋ ಕೊಳೆತುಹೋಗಿದೆ."

"ಏನೂ ಇಲ್ಲವಲ್ಲ," ಎಂದೆ. ಸುತ್ತ ಮೂಸಿದೆ. ನನಗೆ ಸಾರಿನ ಘಮ ಬಿಟ್ಟು ಬೇರೇನೂ ಸಿಗಲಿಲ್ಲ.

"ಇದೆ. ಭಯಂಕರ ನಾತ. ಚರಂಡಿಯಂತೆ, ಒಗೆಯದ ಕಾಲುಚೀಲದಂತೆ. ನಾನು ಮೇಲೆ ಸ್ನಾನ ಮಾಡಿ ಬಂದೆ, ಆಗ..." ಎಂದವರು ಅಲ್ಲಿಗೇ ನಿಂತರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಒಳಗೆ ಹೋಗಿ ಒಗ್ಗರಣೆ ಸೌಟನ್ನು ತಂದು ಅವರ ಮುಖದ ಹತ್ತಿರ ಹಿಡಿದೆ. ಆಕೆ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿ ಗೋಡೆಗೆ ಒರಗಿದರು. ಆಮೇಲೆ ಕೈ ತೆಗೆದು, ಮುಂದೆ ಬಂದು, ಸೌಟಿನ ಮೇಲೆ ಬಗ್ಗಿ ಮತ್ತೊಮ್ಮೆ ಎಳೆದುಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಅಯ್ಯೋ ದೇವರೇ, ಇದನ್ನು ತಿನ್ನುತ್ತೀರಾ ನೀವು?" ಎಂದರು.

ನಾನು ಸೌಟು ಕೈಯಲ್ಲಿ ಹಿಡಿದೇ ಹಿಂದಿನ ಅಂಗಳಕ್ಕೆ ಓಡಿದೆ.

"ಮೈಮುನಾ, ಬೇಗ ಬಾ, ನಮ್ಮ ಮನೆ ನಾರ್ತದಂತೆ."